ಶುಭಾಶಯ ಪತ್ರದಲ್ಲಿ ಪದರಮುದ್ರಣ: ಒಂದು ವಿಮರ್ಶೆ

ಶುಭಾಶಯ ಪತ್ರವು ಇತಿಹಾಸಕಾರನ ಗಮನವನ್ನು ಸಾಮಾನ್ಯವಾಗಿ ಸೆಳೆಯುವ ವಸ್ತುವಲ್ಲ. ಶಾಸನ, ನಾಣ್ಯ, ಕಡತ, ದಿನಚರಿ ಇವುಗಳಿಗೆ ಆಕರಗಳೆಂಬ ಗೌರವ ಸಲ್ಲುತ್ತದೆ. ಹಬ್ಬಕ್ಕೆಂದು ಬಂದು, ಹಬ್ಬ ಮುಗಿದೊಡನೆ ಕಸದ ಬುಟ್ಟಿಗೆ ಹೋಗುವ ಕಾಗದಕ್ಕೆ ಆ ಗೌರವವಿಲ್ಲ. ಕಲಾವಿಮರ್ಶಕನಾದರೋ ಅದನ್ನು ವಿನೋದವೆಂದು ಬದಿಗೆ ಸರಿಸುತ್ತಾನೆ. ಹೀಗೆ ಇಬ್ಬರ ನಡುವೆ ಅನಾಥವಾಗಿ ಬಿದ್ದಿರುವ ಈ ವಸ್ತುವಿನಲ್ಲಿ ವಿಮರ್ಶೆಯ ಒಂದು ಮೂಲಭೂತ ಪ್ರಶ್ನೆ ಅಡಗಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ‘ಕೈಯಿಂದ ಮಾಡಿದ್ದು’ ಎಂಬ ಪ್ರಶಂಸೆಯನ್ನು ನಾವು ಯಾವ ಆಧಾರದ ಮೇಲೆ ನೀಡುತ್ತೇವೆ? ಆ ಪ್ರಶಂಸೆಯಲ್ಲಿ ಯಾರ ಕೈ ಲೆಕ್ಕಕ್ಕೆ ಬರುತ್ತದೆ, ಯಾರ ಕೈ ಮರೆಯಾಗುತ್ತದೆ? ಇದೇ ಆ ಪ್ರಶ್ನೆ.

ರಬ್ಬರ್ ಠಸ್ಸೆಗಳನ್ನು ಒಂದರ ಮೇಲೊಂದರಂತೆ ಒತ್ತಿ ಶುಭಾಶಯ ಪತ್ರಗಳನ್ನು ರಚಿಸುವ ಹವ್ಯಾಸವು ಇತ್ತೀಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ವಿಶೇಷವಾಗಿ ಬೆಳೆದಿದೆ. ಅದರ ವಿಧಾನವನ್ನು ಮೊದಲು ಸ್ಥೂಲವಾಗಿ ತಿಳಿಯುವುದು ಅಗತ್ಯ. ಒಂದು ಗುಲಾಬಿಯ ಚಿತ್ರಕ್ಕೆ ಒಂದೇ ಠಸ್ಸೆಯ ಬದಲು ಎರಡು, ಮೂರು ಅಥವಾ ನಾಲ್ಕು ಠಸ್ಸೆಗಳಿರುತ್ತವೆ. ಮೊದಲನೆಯದು ಹೂವಿನ ಇಡೀ ಆಕಾರವನ್ನು ತಿಳಿಬಣ್ಣದಲ್ಲಿ ತುಂಬುತ್ತದೆ. ಎರಡನೆಯದು ಅದರ ಮೇಲೆ ಎಸಳುಗಳ ಮಧ್ಯಮ ಛಾಯೆಯನ್ನು ಕೂಡಿಸುತ್ತದೆ. ಕೊನೆಯದು ಎಸಳಿನ ಮಡಿಕೆಗಳ ಗಾಢವಾದ ನೆರಳನ್ನು ನೀಡುತ್ತದೆ. ತಿಳಿಯಿಂದ ಗಾಢಕ್ಕೆ ಸಾಗುವುದು ಇಲ್ಲಿನ ನಿಯಮ. ಏಕೆಂದರೆ ಪಾರದರ್ಶಕವಾದ ಶಾಯಿಯ ಮೇಲೆ ಶಾಯಿ ಬಿದ್ದಾಗ ಬಣ್ಣವು ಕಪ್ಪಾಗಬಲ್ಲುದೇ ಹೊರತು ಬೆಳ್ಳಗಾಗಲಾರದು. ಇನ್ನೂ ಆರದ ಶಾಯಿಯ ಮೇಲೆ ಸಣ್ಣ ಪುಡಿಯನ್ನು ಉದುರಿಸಿ, ಬಿಸಿಗಾಳಿಯಿಂದ ಅದನ್ನು ಕರಗಿಸಿ, ಅಕ್ಷರಗಳನ್ನು ಉಬ್ಬಿಸುವ ಕ್ರಮವೂ ಇದೆ.

ಈ ಕಲೆಗೆ ಆಧಾರವಾದ ರಬ್ಬರ್ ಠಸ್ಸೆಗೆ ದೀರ್ಘವಾದ ಇತಿಹಾಸವಿಲ್ಲ. ಸಹಜ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗುತ್ತಿತ್ತು. ಗಂಧಕವನ್ನು ಬೆರಸಿ ಕಾಯಿಸಿದರೆ ಅದು ದೃಢವಾಗಿ ನಿಲ್ಲುತ್ತದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ೧೮೩೯ರಲ್ಲಿ ಕಂಡುಕೊಂಡನು. ೧೮೪೪ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅನಂತರದ ಕೆಲವು ದಶಕಗಳಲ್ಲಿಯೇ ರಬ್ಬರ್ ಠಸ್ಸೆಯು ಕಚೇರಿಯ ಮೇಜನ್ನು ಏರಿತು. ಅಧಿಕಾರದ ಗುರುತನ್ನು ಯಾರ ಕೈಯಿಂದಲಾದರೂ ಒಂದೇ ಬಗೆಯಲ್ಲಿ ಮೂಡಿಸುವುದು ಅದರ ಕೆಲಸವಾಗಿತ್ತು. ಒತ್ತುವವನ ಗುರುತು ಉಳಿಯಬಾರದೆಂಬುದೇ ಅದರ ಹೆಗ್ಗಳಿಕೆ. ಅಂತಹ ಸಾಧನವು ಸ್ನೇಹದ ಗುರುತನ್ನು ಮೂಡಿಸಲು ಬಳಕೆಗೆ ಬಂದುದು ವಿಚಿತ್ರವೇ ಸರಿ. ವಿಮರ್ಶಕರು ಈ ಹವ್ಯಾಸದ ಬಗ್ಗೆ ಎರಡು ಪಕ್ಷಗಳಾಗಿ ಒಡೆಯುವುದಕ್ಕೆ ಈ ವೈಚಿತ್ರ್ಯವೇ ಕಾರಣ.

ಮೊದಲನೆಯ ಪಕ್ಷದವರ ಮತ ಹೀಗಿದೆ: ಠಸ್ಸೆಯನ್ನು ಕಾರ್ಖಾನೆಯು ಮಾಡಿದೆ, ಚಿತ್ರವನ್ನು ಬೇರೊಬ್ಬರು ಬರೆದಿದ್ದಾರೆ, ಕಾಗದವನ್ನು ಕೊಂಡು ತಂದಿದೆ, ಹೀಗಿರುವಾಗ ಇದನ್ನು ಕೈಕೆಲಸವೆನ್ನುವುದು ಆತ್ಮವಂಚನೆ. ಎರಡನೆಯ ಪಕ್ಷದವರು ಹೇಳುವುದೇನೆಂದರೆ, ಯಾವುದು ಕೈಯಿಂದ ಒತ್ತಲ್ಪಟ್ಟಿತೋ ಅದು ಕೈಯ ಕೆಲಸವೇ, ಅದಕ್ಕಿಂತ ಹೆಚ್ಚಿನ ವಿಚಾರಣೆ ಅನಾವಶ್ಯಕ. ಮೊದಲನೆಯ ಮತವನ್ನು ಒಪ್ಪಿದರೆ ನಮ್ಮ ಮನೆಗಳ ಸಂಕ್ರಾಂತಿಯ ಸಕ್ಕರೆ ಅಚ್ಚನ್ನೂ ಕೈಬಿಡಬೇಕಾಗುತ್ತದೆ. ಆ ಮರದ ಅಚ್ಚನ್ನು ಕೆತ್ತಿದವನು ಯಾವನೋ ಬಡಗಿ. ಆದರೂ ಎಳ್ಳಿನೊಡನೆ ಅದನ್ನು ಬೀರುವ ಗೃಹಿಣಿಯು ‘ಮನೆಯಲ್ಲೇ ಮಾಡಿದ್ದು’ ಎನ್ನುವಾಗ ಯಾರೂ ಆಕ್ಷೇಪಿಸುವುದಿಲ್ಲ. ಎರಡನೆಯ ಮತವನ್ನು ಒಪ್ಪಿದರೆ ಕಚೇರಿಯ ಗುಮಾಸ್ತನು ಅರ್ಜಿಯ ಮೇಲೆ ಒತ್ತುವ ತಾರೀಖಿನ ಮೊಹರೂ ಕಲೆಯಾಗಬೇಕಾಗುತ್ತದೆ. ಎರಡು ಮತಗಳೂ ‘ಕೈ’ ಎಂಬ ಒಂದೇ ಅಳತೆಗೋಲನ್ನು ಹಿಡಿದಿರುವುದೇ ಈ ಇಕ್ಕಟ್ಟಿಗೆ ಕಾರಣವೆಂದು ತೋರುತ್ತದೆ. ಆ ಅಳತೆಗೋಲನ್ನು ಪರೀಕ್ಷಿಸಲು ಪದರಮುದ್ರಣವು ಪರಮಾವಧಿಯನ್ನು ಮುಟ್ಟಿದ ಒಂದು ದೇಶಕಾಲವನ್ನು ನೋಡುವುದು ಉಚಿತ. ಅದು ಹದಿನೆಂಟನೆಯ ಶತಮಾನದ ಜಪಾನಿನ ಎದೊ ನಗರ, ಅಂದರೆ ಇಂದಿನ ಟೋಕಿಯೊ.

ಆಗಿನ ಜಪಾನಿನಲ್ಲಿ ಚಾಂದ್ರ-ಸೌರ ಪಂಚಾಂಗವು ಬಳಕೆಯಲ್ಲಿತ್ತು. ತಿಂಗಳುಗಳಲ್ಲಿ ಕೆಲವು ಮೂವತ್ತು ದಿನಗಳ ದೀರ್ಘಮಾಸಗಳು, ಕೆಲವು ಇಪ್ಪತ್ತೊಂಬತ್ತು ದಿನಗಳ ಹ್ರಸ್ವಮಾಸಗಳು. ಯಾವುದು ದೀರ್ಘ, ಯಾವುದು ಹ್ರಸ್ವ ಎಂಬುದು ವರ್ಷವರ್ಷಕ್ಕೂ ಬದಲಾಗುತ್ತಿತ್ತು. ಯುಗಾದಿಯಂದು ಪಂಚಾಂಗ ಶ್ರವಣ ಮಾಡುವ, ಅಧಿಕಮಾಸವನ್ನು ಎಣಿಸುವ ನಮಗೆ ಈ ತೊಡಕು ಅಪರಿಚಿತವೇನಲ್ಲ. ಆ ವರ್ಷದ ದೀರ್ಘಮಾಸಗಳನ್ನೋ ಹ್ರಸ್ವಮಾಸಗಳನ್ನೋ ಒಂದು ಚಿತ್ರದೊಳಗೆ ಅಡಗಿಸಿ, ಅಚ್ಚು ಹಾಕಿಸಿ, ಹೊಸವರ್ಷದಂದು ಮಿತ್ರರಿಗೆ ಹಂಚುವ ರೂಢಿಯು ಎದೊ ನಗರದ ವಿದ್ಯಾವಂತ ರಸಿಕರಲ್ಲಿ ಬೆಳೆಯಿತು. ಇಂತಹ ಚಿತ್ರಕ್ಕೆ ‘ಎಗೊಯೊಮಿ’, ಎಂದರೆ ಚಿತ್ರಪಂಚಾಂಗವೆಂದು ಹೆಸರು. ೧೭೬೫ರಲ್ಲಿ, ಎಂದರೆ ಜಪಾನೀಯರ ಮೆಯಿವಾ ಶಕೆಯ ಎರಡನೆಯ ವರ್ಷದಲ್ಲಿ, ಈ ರೂಢಿಯು ಒಂದು ಸ್ಪರ್ಧೆಯ ರೂಪವನ್ನೇ ತಾಳಿತು. ಕ್ಯೊಸೆನ್ ಎಂಬ ಕಾವ್ಯನಾಮದ ಸಮುರಾಯಿ ಶ್ರೀಮಂತನೂ ಅವನ ಗೆಳೆಯರೂ ಖರ್ಚಿಗೆ ಹಿಂಜರಿಯದೆ, ಒಳ್ಳೆಯ ಕಾಗದವನ್ನೂ ಹೆಚ್ಚು ಸಂಖ್ಯೆಯ ಹಲಗೆಗಳನ್ನೂ ಬಳಸಲು ಅನುವು ಮಾಡಿಕೊಟ್ಟರು. ಅವರಿಗಾಗಿ ಚಿತ್ರಗಳನ್ನು ಬರೆದವರಲ್ಲಿ ಮುಖ್ಯನಾದವನು ಸುಜುಕಿ ಹರುನೊಬು. ಅದುವರೆಗೆ ಎರಡು ಮೂರು ಬಣ್ಣಗಳಿಗೆ ಸೀಮಿತವಾಗಿದ್ದ ಮರದಚ್ಚಿನ ಚಿತ್ರವು ಹೀಗೆ ಬಹುವರ್ಣದ ‘ನಿಷಿಕಿ-ಎ’ ಆಯಿತು. ನಿಷಿಕಿ ಎಂದರೆ ಜರತಾರಿಯ ಬಟ್ಟೆ. ಚಿತ್ರದ ವರ್ಣವೈಭವವನ್ನು ಆ ಹೆಸರೇ ಸಾರುತ್ತದೆ. ಜಪಾನಿನ ಬಹುವರ್ಣ ಮುದ್ರಣಕಲೆಯು ಹೊಸವರ್ಷದ ಕಾಣಿಕೆಯ ಮಡಿಲಲ್ಲಿ ಬೆಳೆಯಿತೆಂಬ ಈ ಸಂಗತಿಯನ್ನು ಶುಭಾಶಯ ಪತ್ರವನ್ನು ಹಗುರವಾಗಿ ಕಾಣುವವರು ಮನಸ್ಸಿಗೆ ತಂದುಕೊಳ್ಳಬೇಕು.

ಅವರ ವಿಧಾನವಾದರೂ ಎಂತಹುದು? ಚಿತ್ರಕಾರನು ತೆಳುಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಚೆರಿ ಮರದ ಹಲಗೆಗೆ ಅಂಟಿಸಿ, ಕೆತ್ತನೆಗಾರನು ರೇಖೆಗಳನ್ನು ಉಳಿಸಿ ಮಿಕ್ಕಿದ್ದನ್ನು ಕೆತ್ತಿ ತೆಗೆಯುತ್ತಿದ್ದನು. ಈ ರೇಖಾಹಲಗೆಯಿಂದ ತೆಗೆದ ಪ್ರತಿಗಳ ಆಧಾರದ ಮೇಲೆ ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಹಲಗೆಯ ಮುಖವನ್ನು ಕೆತ್ತಬೇಕು. ಪ್ರತಿಯೊಂದು ಹಲಗೆಯಲ್ಲಿಯೂ ‘ಕೆಂತೊ’ ಎಂಬ ಗುರುತುಗಳಿರುತ್ತವೆ: ಒಂದು ಮೂಲೆಯಲ್ಲಿ ಲಂಬಕೋನದ ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರವಾದ ಕಚ್ಚು. ಅಚ್ಚುಗಾರನು ಹಲಗೆಗೆ ಬಣ್ಣವನ್ನು ಸವರಿ, ಒದ್ದೆಮಾಡಿದ ಕಾಗದದ ಮೂಲೆಯನ್ನೂ ಅಂಚನ್ನೂ ಈ ಕಚ್ಚುಗಳಿಗೆ ತಾಗಿಸಿ ಹಾಸಿ, ಬಿದಿರಿನ ಹೊದಿಕೆಯ ‘ಬಾರೆನ್’ ಎಂಬ ಒತ್ತುಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಿದ್ದನು. ಹೀಗೆ ಎಷ್ಟು ಹಲಗೆಗಳಿದ್ದರೂ ಪದರಕ್ಕೆ ಪದರ ಕೂಡಿಕೊಳ್ಳುತ್ತಿತ್ತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಪಾನಿನಲ್ಲಿ ಕಾಗದವು ಹಲಗೆಯ ಬಳಿಗೆ ಬರುತ್ತದೆ. ರಬ್ಬರ್ ಠಸ್ಸೆಯಲ್ಲಿ ಅಚ್ಚೇ ಕಾಗದದ ಬಳಿಗೆ ಹೋಗುತ್ತದೆ. ಮೊದಲನೆಯದರಲ್ಲಿ ಹೊಂದಿಕೆಯು ಹಲಗೆಯಲ್ಲಿಯೇ ಕೆತ್ತಲ್ಪಟ್ಟಿದೆ. ಎರಡನೆಯದರಲ್ಲಿ ಅದು ಒತ್ತುವವರ ಕಣ್ಣಂದಾಜನ್ನು ಅವಲಂಬಿಸಿದೆ. ಅಪಾರದರ್ಶಕವಾದ ರಬ್ಬರಿನ ಬದಲು ಗಾಜಿನಂತೆ ತಿಳಿಯಾದ ಠಸ್ಸೆಗಳು ಬಂದುದೂ, ಕೀಲುಮುಚ್ಚಳವಿರುವ ಒತ್ತುಪೆಟ್ಟಿಗೆಗಳು ಅವುಗಳ ಹಿಂದೆಯೇ ಬಂದುದೂ ಈ ಕೊರತೆಯನ್ನು ತುಂಬುವುದಕ್ಕಾಗಿಯೇ. ಕಾಗದವನ್ನು ಪೆಟ್ಟಿಗೆಯ ಮೂಲೆಗೆ ತಾಗಿಸಿ, ಠಸ್ಸೆಯನ್ನು ಮುಚ್ಚಳಕ್ಕೆ ಅಂಟಿಸಿ ಒತ್ತುವ ಆ ಪೆಟ್ಟಿಗೆಯು ಎದೊ ನಗರದ ಕೆಂತೊವನ್ನು ಬೇರೊಂದು ಮಾರ್ಗದಿಂದ ಮತ್ತೆ ಕಂಡುಕೊಂಡಿದೆಯೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ಕೃತಿಯೊಂದನ್ನು ಪರಿಶೀಲಿಸೋಣ. ೧೭೬೫ರ ಹರುನೊಬುವಿನ ಚಿತ್ರಪಂಚಾಂಗಗಳಲ್ಲಿ ‘ಸಂಜೆಯ ಮಳೆ’ ಪ್ರಸಿದ್ಧವಾದುದು. ಇದ್ದಕ್ಕಿದ್ದಂತೆ ಮಳೆ ಸುರಿದಿದೆ. ತರುಣಿಯೊಬ್ಬಳು ಗಳುವಿನ ಮೇಲೆ ಹರವಿದ ಬಟ್ಟೆಯನ್ನು ತೆಗೆಯಲು ಧಾವಿಸುತ್ತಿದ್ದಾಳೆ. ಆ ಅವಸರದಲ್ಲಿ ಕಾಲಿನ ಮರದ ಪಾದುಕೆಯೊಂದು ಕಳಚಿಬಿದ್ದಿದೆ. ನೋಡುವವನಿಗೆ ಇಷ್ಟೇ ಸಾಕಾಗುವಷ್ಟು ಚೆಲುವಾಗಿದೆ ಚಿತ್ರ. ಆದರೆ ಒಣಹಾಕಿದ ನಿಲುವಂಗಿಯ ವಿನ್ಯಾಸವನ್ನು ಹತ್ತಿರದಿಂದ ಓದಿದರೆ ಅಲ್ಲಿ ಶಕೆಯ ಹೆಸರೂ ವರ್ಷವೂ, ಎರಡು, ಮೂರು, ಐದು, ಆರು, ಎಂಟು, ಹತ್ತು ಎಂಬ ದೀರ್ಘಮಾಸಗಳ ಅಂಕಿಗಳೂ ಕಾಣಿಸುತ್ತವೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮಳೆಯು ವಾಚ್ಯ, ಪಂಚಾಂಗವು ವ್ಯಂಗ್ಯ. ಕಾಣಿಕೆಯನ್ನು ಪಡೆದವನು ಚಿತ್ರವನ್ನು ನೋಡಿದರೆ ಸಾಲದು, ಬಿಡಿಸಬೇಕು. ಹಾಗೆ ಬಿಡಿಸುವ ಅರ್ಧಗಳಿಗೆಯಲ್ಲಿ ಕಳುಹಿದವನಿಗೂ ಪಡೆದವನಿಗೂ ನಡುವೆ ಒಂದು ಸಂವಾದವೇ ನಡೆದುಹೋಗುತ್ತದೆ. ಇಲ್ಲಿ ಪದರವೆಂಬುದು ಬಣ್ಣದ ಪದರ ಮಾತ್ರವಲ್ಲ, ಅರ್ಥದ ಪದರವೂ ಅಹುದು.

ಈಗ ನಮ್ಮ ಅಳತೆಗೋಲನ್ನು ಇಟ್ಟು ನೋಡೋಣ. ಈ ಪತ್ರದಲ್ಲಿ ಅದನ್ನು ಕಳುಹಿದ ಶ್ರೀಮಂತನ ಕೈ ಎಲ್ಲಿದೆ? ಎಲ್ಲಿಯೂ ಇಲ್ಲ. ಅವನು ಕುಂಚವನ್ನಾಗಲಿ ಉಳಿಯನ್ನಾಗಲಿ ಬಾರೆನನ್ನಾಗಲಿ ಮುಟ್ಟಿದವನಲ್ಲ. ಬರೆದವನು ಒಬ್ಬ, ಕೆತ್ತಿದವನು ಇನ್ನೊಬ್ಬ, ಒತ್ತಿದವನು ಮತ್ತೊಬ್ಬ. ರಬ್ಬರ್ ಠಸ್ಸೆಯ ಪತ್ರದಲ್ಲಾದರೋ ಕಳುಹುವವರೇ ಒತ್ತುತ್ತಾರೆ. ‘ಕೈ’ಯೊಂದೇ ಪ್ರಮಾಣವಾಗಿದ್ದರೆ ಇಂದಿನ ಸಾಧಾರಣ ಗುಲಾಬಿಯ ಪತ್ರವು ‘ಸಂಜೆಯ ಮಳೆ’ಗಿಂತ ಹೆಚ್ಚಿನ ಕಾಣಿಕೆಯಾಗಬೇಕಾಗಿತ್ತು. ಹಾಗೆಂದು ಯಾವ ಸಹೃದಯನೂ ಒಪ್ಪಲಾರನು. ಆದ್ದರಿಂದ ನಾವು ‘ಕೈ’ ಎಂದು ಕರೆಯುತ್ತಿರುವುದು ವಾಸ್ತವವಾಗಿ ಬೇರೆ ಯಾವುದನ್ನೋ ಇರಬೇಕು. ನನ್ನ ಅಭಿಪ್ರಾಯದಲ್ಲಿ ಅದು ಔಚಿತ್ಯ. ಎಂದರೆ, ಇಂತಹ ದಿನಕ್ಕೆ, ಇಂತಹವರಿಗೆ, ಇಂತಹವರಿಂದ ಎಂಬ ಮೂರೂ ಸಂಬಂಧಗಳು ವಸ್ತುವಿನ ಮೈಯಲ್ಲಿಯೇ ಮೂಡಿರುವುದು.

ಈ ನಿರ್ಣಯವನ್ನು ಸಮರ್ಥಿಸುವ ಸಾಕ್ಷ್ಯವು ಹಲಗೆಗಳ ಮುಂದಿನ ಚರಿತ್ರೆಯಲ್ಲಿಯೇ ಇದೆ. ಹೊಸವರ್ಷದ ಸಂಭ್ರಮ ಮುಗಿದ ಮೇಲೆ ಇಂತಹ ಹಲವು ಹಲಗೆಗಳು ಪ್ರಕಾಶಕರ ಕೈಸೇರಿದುವು. ಅವರು ಮಾಡಿದ ಮೊದಲನೆಯ ಕೆಲಸವೆಂದರೆ ಮಾಸಗಳ ಅಂಕಿಗಳನ್ನೂ ಪೋಷಕನ ಹೆಸರನ್ನೂ ತೆಗೆದುಹಾಕಿ, ಚಿತ್ರವನ್ನು ಮಾರಾಟಕ್ಕೆ ಸಿದ್ಧಪಡಿಸಿದುದು. ‘ಒಳಕೋಣೆಯ ಅಷ್ಟದೃಶ್ಯಗಳು’ ಎಂಬ ಮಾಲೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿದೆ: ಮೊದಲ ಮುದ್ರಣದಲ್ಲಿ ಕಾಣುವುದು ಕ್ಯೊಸೆನನ ಹೆಸರು, ಅನಂತರದ ಮುದ್ರಣಗಳಲ್ಲಿ ಬರುವುದು ಹರುನೊಬುವಿನ ಹೆಸರು. ಕಲೆಯ ದೃಷ್ಟಿಯಿಂದ ಇದು ಚಿತ್ರಕಾರನಿಗೆ ಸಂದ ನ್ಯಾಯವೆನ್ನಬಹುದು. ಆದರೆ ೧೭೬೫ರ ಕೆಲವು ಚಿತ್ರಪಂಚಾಂಗಗಳಲ್ಲಿ ಪೋಷಕನ ಹೆಸರಿನ ಜೊತೆಗೆ ಕೆತ್ತನೆಗಾರನ, ಅಚ್ಚುಗಾರನ ಹೆಸರುಗಳೂ ಇದ್ದುವು. ಮಾರಾಟದ ಚಿತ್ರಗಳಲ್ಲಿ ಆ ಹೆಸರುಗಳು ಕಾಣುವುದು ಅಪರೂಪ. ಕಾಣಿಕೆಯು ಸರಕಾದಾಗ ಮರೆಯಾದುದು ದಿನಾಂಕವೊಂದೇ ಅಲ್ಲ. ಹಲವರ ಶ್ರಮಕ್ಕೆ ಇದ್ದ ಸಾಕ್ಷ್ಯವೂ ಮರೆಯಾಯಿತು. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಎಚ್ಚರದಿಂದಿರಬೇಕು. ನಾವು ‘ಹರುನೊಬುವಿನ ಕೃತಿ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ವಸ್ತುವು ನಾಲ್ಕು ಜನರ ಕೃತಿ.

ಇದೇ ಕಾಣಿಕೆಯ ಪದ್ಧತಿಯು ಮುಂದೆ ‘ಸುರಿಮೊನೊ’ ಎಂಬ ಪ್ರಕಾರದಲ್ಲಿ ಪರಿಪಕ್ವವಾಯಿತು. ಕ್ಯೊಕಾ ಎಂಬ ವಿನೋದಕಾವ್ಯವನ್ನು ರಚಿಸುತ್ತಿದ್ದ ಕವಿಗೋಷ್ಠಿಗಳು ತಮ್ಮ ಸದಸ್ಯರ ಪದ್ಯಗಳನ್ನು ಚಿತ್ರದೊಡನೆ ಅಚ್ಚುಹಾಕಿಸಿ ಹೊಸವರ್ಷದಲ್ಲಿ ಹಂಚಿಕೊಳ್ಳುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊಕುಸಾಯ್, ಶುನ್‌ಮಾನ್, ಹೊಕ್ಕೆಯಿ, ಗಾಕುತೆಯಿ ಮೊದಲಾದವರು ಇವುಗಳಿಗೆ ಚಿತ್ರಗಳನ್ನು ಬರೆದರು. ಸುಮಾರು ಇಪ್ಪತ್ತೊಂದು ಸೆಂಟಿಮೀಟರ್ ಉದ್ದ, ಹದಿನೆಂಟು ಸೆಂಟಿಮೀಟರ್ ಅಗಲದ ದಪ್ಪ ಕಾಗದದ ಮೇಲೆ ಬಣ್ಣಗಳಲ್ಲದೆ ಲೋಹದ ಪುಡಿಗಳನ್ನೂ, ಶಾಯಿಯಿಲ್ಲದೆ ಒತ್ತಿ ಉಬ್ಬಿಸಿದ ಕುರುಡುಮುದ್ರೆಯನ್ನೂ ಬಳಸುತ್ತಿದ್ದರು. ಇಂದಿನ ಹವ್ಯಾಸಿಗಳು ಮಿಂಚುಪುಡಿಯನ್ನು ಕರಗಿಸಿ ಬಯಸುವ ಪರಿಣಾಮವೂ ಇದೇ. ೧೮೨೨ ಜಪಾನೀಯರ ಎಣಿಕೆಯಲ್ಲಿ ಅಶ್ವವರ್ಷ. ಆ ವರ್ಷಕ್ಕೆಂದು ಹೊಕುಸಾಯ್ ಒಂದು ಸುರಿಮೊನೊ ಮಾಲೆಯನ್ನು ರಚಿಸಿದನು. ಅದರ ಚಿತ್ರಗಳನ್ನು ಒಂದುಗೂಡಿಸುವ ಸೂತ್ರವೆಂದರೆ ಕುದುರೆ ಎಂಬ ಶಬ್ದ. ಕುದುರೆಯನ್ನೇ ಎಲ್ಲೆಡೆಯೂ ಬರೆಯದೆ, ಹೆಸರಿನಲ್ಲಿ ಆ ಶಬ್ದವನ್ನುಳ್ಳ ವಸ್ತುಗಳನ್ನೂ ಸ್ಥಳಗಳನ್ನೂ ಬರೆದಿರುವುದು ಅವನ ಚಮತ್ಕಾರ. ಆ ವರ್ಷ ಕಳೆದರೆ ಆ ಚಮತ್ಕಾರದ ಅರ್ಧ ಸೊಗಸು ಕಳೆದಂತೆಯೇ. ಇದೇ ಶತಮಾನದ ಕೊನೆಯ ಭಾಗದಲ್ಲಿ ಸಂಗ್ರಾಹಕರಿಗಾಗಿ ಸುರಿಮೊನೊಗಳ ಹಲಗೆಗಳನ್ನು ಹೊಸದಾಗಿ ಕೆತ್ತಿ ಪ್ರತಿಗಳನ್ನು ತೆಗೆದರು. ಅವುಗಳ ಕೈಚಳಕವು ಕೆಲವೊಮ್ಮೆ ತಜ್ಞರನ್ನೂ ಮೋಸಗೊಳಿಸುವಷ್ಟಿದೆ. ಆದರೂ ಅವು ಯಾರಿಗೂ ಯಾವ ಶುಭವನ್ನೂ ಕೋರುವುದಿಲ್ಲ. ಕೈಯ ಕೆಲಸವೆಲ್ಲವೂ ಅಲ್ಲಿದೆ, ಸಂದರ್ಭವೊಂದು ಇಲ್ಲ.

ಈ ಬೆಳಕಿನಲ್ಲಿ ರಬ್ಬರ್ ಠಸ್ಸೆಯ ಪದರಮುದ್ರಣವನ್ನು ವಿಮರ್ಶಿಸಿದರೆ ಅದರ ಗುಣದೋಷಗಳು ಬೇರೆಯೇ ರೀತಿಯಲ್ಲಿ ಕಾಣುತ್ತವೆ. ಠಸ್ಸೆಯನ್ನು ಕೊಂಡು ತಂದುದು ದೋಷವಲ್ಲ. ಮೊದಲನೆಯ ದೋಷವೆಂದರೆ ಪದರವನ್ನು ಮರೆಮಾಚುವ ಹಟ. ನಾಲ್ಕು ಛಾಯೆಗಳನ್ನು ಕೂಡಿಸಿ ಗುಲಾಬಿಯು ಛಾಯಾಚಿತ್ರದಂತೆ ಕಾಣಬೇಕೆಂದು ಬಯಸಿದಾಗ, ಅಚ್ಚು ತನ್ನ ಸ್ವಭಾವವನ್ನು ಬಿಟ್ಟು ಯಂತ್ರದ ಅನುಕರಣೆಗೆ ಇಳಿಯುತ್ತದೆ. ಹರುನೊಬುವಿನಲ್ಲಿ ರೇಖೆಯು ಮೊದಲು ಬಂದು ಬಣ್ಣವನ್ನು ಆಳುತ್ತದೆ. ಸಪಾಟಾದ ಬಣ್ಣವು ತಾನು ಬಣ್ಣವೆಂದು ಒಪ್ಪಿಕೊಳ್ಳುತ್ತದೆ. ಪದರದ ಠಸ್ಸೆಯಲ್ಲಿ ಅನೇಕ ವೇಳೆ ಹೊರರೇಖೆಯೇ ಇರುವುದಿಲ್ಲ. ಇದ್ದರೂ ಕೊನೆಗೆ ಬರುತ್ತದೆ. ಅದರಿಂದ ಚಿತ್ರಕ್ಕೆ ಮೃದುತ್ವವು ಬಂದರೂ ಬಿಗಿ ತಪ್ಪುತ್ತದೆ. ಎರಡು ಪದರಗಳಲ್ಲಿ ನಿಲ್ಲಿಸಿದ ಪತ್ರಗಳು ನಾಲ್ಕು ಪದರಗಳ ಪತ್ರಗಳಿಗಿಂತ ಹೆಚ್ಚಾಗಿ ಮನಸ್ಸನ್ನು ಸೆಳೆಯುವುದಕ್ಕೆ ಇದೇ ಕಾರಣ. ಅಲ್ಲಿ ಎರಡನೆಯ ಬಣ್ಣವು ಕೂದಲೆಳೆಯಷ್ಟು ಸರಿದಿದ್ದರೂ ಆ ಸರಿತವೇ ಜೀವಂತಿಕೆಯಾಗಿ ಪರಿಣಮಿಸುತ್ತದೆ.

ಎರಡನೆಯ ದೋಷವು ಗುರುತರವಾದುದು. ಪತ್ರದ ಮಾತೂ ಠಸ್ಸೆಯಾಗಿರುವುದೇ ಆ ದೋಷ. ಜನ್ಮದಿನ, ವಿವಾಹ, ರೋಗ, ಮರಣ, ಎಲ್ಲಕ್ಕೂ ಅಂಗಡಿಯಲ್ಲಿ ಸಿದ್ಧವಾಕ್ಯಗಳು ದೊರೆಯುತ್ತವೆ. ಚಿತ್ರದ ಮೇಲೆ ಎರಡು ಗಂಟೆಗಳ ಶ್ರಮವನ್ನು ಸುರಿದು ಮಾತನ್ನು ಮಾತ್ರ ಇತರರಿಂದ ಕಡ ತರುವುದು ವಿಪರ್ಯಾಸವಲ್ಲವೆ? ಎದೊ ನಗರದ ರಸಿಕನು ಚಿತ್ರವನ್ನು ಇತರರಿಂದ ಮಾಡಿಸಿ, ಪದ್ಯವನ್ನು ತಾನೇ ಕಟ್ಟುತ್ತಿದ್ದನು. ಇಂದಿನ ಹವ್ಯಾಸಿಯು ಚಿತ್ರವನ್ನು ತಾನೇ ಒತ್ತಿ, ಮಾತನ್ನು ಇತರರಿಂದ ಪಡೆಯುತ್ತಾನೆ. ಶುಭಾಶಯವೆಂಬುದು ಮೂಲತಃ ವಾಗ್ವ್ಯಾಪಾರವಾದುದರಿಂದ ಮೊದಲನೆಯವನ ಆಯ್ಕೆಯೇ ಮೇಲೆಂದು ಹೇಳಬೇಕಾಗುತ್ತದೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಎದೊ ನಗರದ ಪತ್ರಗಳು ಹಣವಂತರ ವಿಲಾಸ, ರಬ್ಬರ್ ಠಸ್ಸೆಯು ಸಾಮಾನ್ಯರ ಸಾಧನ. ಆದ್ದರಿಂದ ಒಂದರ ಅಳತೆಯಿಂದ ಇನ್ನೊಂದನ್ನು ಅಳೆಯುವುದು ಅನ್ಯಾಯವೆಂಬುದೇ ಆ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ತಥ್ಯವಿದೆ. ಕುಂಚ ಹಿಡಿಯಲು ಅಳುಕುವವರಿಗೂ ಬಣ್ಣದ ಸುಖವನ್ನು ಕೊಟ್ಟುದು ಈ ಠಸ್ಸೆಯ ಉಪಕಾರ; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಉತ್ತರವನ್ನು ಜಪಾನೇ ಒದಗಿಸಿದೆ. ೧೮೭೩ರ ಜನವರಿಯಲ್ಲಿ ಆ ದೇಶವು ಪಾಶ್ಚಾತ್ಯ ಪಂಚಾಂಗವನ್ನು ಅಂಗೀಕರಿಸಿತು. ದೀರ್ಘಹ್ರಸ್ವಮಾಸಗಳ ಒಗಟಿಗೆ ಎಡೆಯಿಲ್ಲದಂತಾಯಿತು. ಅದೇ ವರ್ಷ ಅಂಚೆಕಾರ್ಡುಗಳೂ ಬಂದುವು. ಹೊಸವರ್ಷದ ಶುಭಾಶಯವು ಕಾಲಕ್ರಮದಲ್ಲಿ ಕಾರ್ಡನ್ನೇರಿ ಮನೆಮನೆಯ ಆಚಾರವಾಯಿತು. ಆ ಕಾರ್ಡಿಗಾಗಿ ಆಲೂಗೆಡ್ಡೆಯನ್ನು ಅಡ್ಡಲಾಗಿ ಕೊಯ್ದು, ಆ ವರ್ಷದ ಪ್ರಾಣಿಯ ಆಕಾರವನ್ನು ಅದರಲ್ಲಿ ಕೆತ್ತಿ, ಬಣ್ಣ ಹಚ್ಚಿ ಒತ್ತುವ ಪದ್ಧತಿಯು ಅಲ್ಲಿ ಮಕ್ಕಳಿಗೂ ಪರಿಚಿತ. ಇದಕ್ಕೆ ಬೇಕಾದುದು ಅಡುಗೆಮನೆಯ ಚಾಕು ಮತ್ತು ಒಂದು ಗೆಡ್ಡೆ. ಆ ಅಚ್ಚು ನಾಳೆಗೆ ಬಾಡಿಹೋಗುತ್ತದೆ, ಮರುವರ್ಷಕ್ಕೆ ಒದಗುವುದಿಲ್ಲ. ಔಚಿತ್ಯವು ಸಂಪತ್ತನ್ನು ಅವಲಂಬಿಸಿಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಹೀಗಾಗಿ ಈ ಹವ್ಯಾಸವನ್ನು ತಿರಸ್ಕರಿಸುವುದೂ ಸರಿಯಲ್ಲ, ‘ಕೈಯ ಕೆಲಸ’ವೆಂಬ ಒಂದೇ ಮಾತಿನಿಂದ ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಕೊಂಡ ಠಸ್ಸೆಯಿಂದಲೇ ಒತ್ತಿದ ಪತ್ರವಾದರೂ, ಯಾರಿಗೆ, ಏತಕ್ಕೆ, ಯಾವ ದಿನ ಎಂಬುದು ಅದರ ಆಯ್ಕೆಯಲ್ಲಿಯೂ ಮಾತಿನಲ್ಲಿಯೂ ಎದ್ದು ಕಾಣುತ್ತಿದ್ದರೆ ಅದು ಗೌರವಕ್ಕೆ ಅರ್ಹವಾದ ಕೃತಿ. ಅದಿಲ್ಲದಿದ್ದರೆ ಹತ್ತು ಪದರಗಳಿದ್ದರೂ ಅದು ಅರ್ಜಿಯ ಮೇಲಿನ ಮೊಹರಿನ ಸಮಾನ.

ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವ ನಮಗೆ ಇದರಿಂದ ಒಂದು ಕರ್ತವ್ಯವೂ ಒದಗುತ್ತದೆ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ದೊರೆಯುವ ಶುಭಾಶಯ ಪತ್ರಗಳನ್ನು ವಿದ್ಯಾರ್ಥಿಗಳು ಆಕರಗಳೆಂದು ತಂದಾಗ, ಚಿತ್ರದ ಅಂದವನ್ನು ನೋಡಿ ಬೆನ್ನಿನ ಬರಹವನ್ನು ಮರೆಯುವುದು ಸುಲಭ. ತಾರೀಖು, ವಿಳಾಸ, ಅಂಚೆಯ ಮುದ್ರೆ, ಬದಿಯಲ್ಲಿ ಗೀಚಿದ ಒಂದು ಸಾಲು ಇವುಗಳನ್ನೂ ಚಿತ್ರದೊಡನೆ ದಾಖಲೆ ಮಾಡಬೇಕು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಾರದು. ಎದೊ ನಗರದ ಪ್ರಕಾಶಕರು ಹಲಗೆಯಿಂದ ಮಾಸಗಳ ಅಂಕಿಗಳನ್ನು ಕೆತ್ತಿ ತೆಗೆದುದು ವ್ಯಾಪಾರಕ್ಕಾಗಿ. ಸಂಗ್ರಹದ ಹೆಸರಿನಲ್ಲಿ ನಾವೂ ಅದೇ ಕೆಲಸವನ್ನು ಮಾಡಬೇಕಾಗಿಲ್ಲ.